ಕಣಿಕೆ, ರವದಿ ಮತ್ತು ಎರೆಮಣ್ಣಿನ ಸತ್ತ್ವ

ಸುಗ್ಗಿ ಮುಗಿದ ದಿನಗಳಲ್ಲಿ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಿಳಿಜೋಳದ ಕಣಿಕೆ ಹೇರಿಕೊಂಡು ಸಾಗುವ ಟ್ರ್ಯಾಕ್ಟರನ್ನು ಕಂಡವರಿಗೆ, ಈ ಸೀಮೆಯ ಎರೆಹೊಲಗಳು ಕಾಳಿನ ಜೊತೆಗೆ ತಮ್ಮ ಆಹಾರವನ್ನೂ ಹೊರಗೆ ಕಳುಹಿಸುತ್ತಿವೆಯೆಂಬ ಸಂಗತಿ ಸುಲಭವಾಗಿ ಹೊಳೆಯದು. ಮಣ್ಣಿನ ಕಪ್ಪು ಬಣ್ಣವೂ ನಮ್ಮನ್ನು ವಂಚಿಸುತ್ತದೆ. ಅಷ್ಟು ಕರಿದಾಗಿ ಕಾಣುವ ನೆಲದಲ್ಲಿ ಸಾವಯವ ಇಂಗಾಲ ಬಹಳ ಕಡೆ ಶೇಕಡಾ 0.5ನ್ನೂ ಮುಟ್ಟದು.

ಬೆಳೆಯ ಉಳಿಕೆ ಹೊಲಕ್ಕೆ ಮರಳಬೇಕೆಂಬುದು ಪುರಾತನ ನಂಬಿಕೆ. 1840ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್, ಸಸ್ಯದ ಆಹಾರವು ಖನಿಜಗಳೇ ಹೊರತು ಕೊಳೆತ ಉಳಿಕೆಯಿಂದಾಗುವ ಹ್ಯೂಮಸ್ ಅಲ್ಲವೆಂದು ವಾದಿಸಿದ ಮೇಲೆ ಆ ನಂಬಿಕೆಯ ಮಾನ ಕೆಲಕಾಲ ಇಳಿಯಿತು. ಅದನ್ನು ಮರಳಿ ಎತ್ತಿಹಿಡಿದವರಲ್ಲಿ ಭಾರತದಲ್ಲಿ ದುಡಿದವರ ಪಾಲು ದೊಡ್ಡದು. ಇಂದೋರಿನ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ತಮ್ಮ ಕಾಂಪೋಸ್ಟ್ ವಿಧಾನವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು, 1939ರಲ್ಲಿ ಸಿ. ಎನ್. ಆಚಾರ್ಯರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಗುಂಡಿಯ ಕ್ರಮವು, ರಾಶಿಯನ್ನು ಪದೇ ಪದೇ ತಿರುವಿಹಾಕುವ ಶ್ರಮವನ್ನು ತಪ್ಪಿಸಿ, ‘ಬೆಂಗಳೂರು ಪದ್ಧತಿ’ಯೆಂದು ಹೆಸರಾಯಿತು. ಅದೇ ದಶಕದಲ್ಲಿ ವಿಜಯಪುರದಲ್ಲಿ ಮೊದಲಾದ ಒಣಬೇಸಾಯದ ಸಂಶೋಧನೆಗೆ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಾಡಿನಲ್ಲಿ ಸಹಜವಾಗಿಯೇ, ಒಡ್ಡು ಹಾಗೂ ತೇವದ ಚಿಂತೆ ಮುಂದಾಯಿತು.

ಕಾಂಪೋಸ್ಟ್ ಮಾಡದೆ ಉಳಿಕೆಯನ್ನು ನೇರವಾಗಿ ಮಣ್ಣಿಗೆ ಸೇರಿಸಿದರೇನು? ಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಐವತ್ತಕ್ಕೂ ಮಿಕ್ಕ ಪಾಲು ಇಂಗಾಲವಿರುವುದರಿಂದ, ಅದನ್ನು ಅರಗಿಸಿಕೊಳ್ಳಲು ಹೊರಟ ಸೂಕ್ಷ್ಮಜೀವಿಗಳು ಕೊರತೆಯ ಸಾರಜನಕವನ್ನು ನೆಲದಿಂದಲೇ ಕಸಿದುಕೊಳ್ಳುತ್ತವೆ. ಆಗ ಬಿತ್ತಿದ ಪೈರು ಹಳದಿಯಾಗುವುದುಂಟು. ಉಳಿಕೆಯ ಇಂಗಾಲವೆಲ್ಲ ನೆಲದಲ್ಲಿಯೇ ನಿಲ್ಲುವುದೂ ಇಲ್ಲ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೋಥಮ್‌ಸ್ಟೆಡ್‌ನಲ್ಲಿ ವಿಕಿರಣಶೀಲ ಇಂಗಾಲದಿಂದ ಗುರುತಿಟ್ಟ ಹುಲ್ಲನ್ನು ಮಣ್ಣಿಗೆ ಬೆರೆಸಿ ನೋಡಿದಾಗ, ವರ್ಷದ ಕೊನೆಗೆ ಉಳಿದದ್ದು ಮೂರರಲ್ಲೊಂದು ಪಾಲು ಮಾತ್ರ. ಜೆಂಕಿನ್ಸನ್ ಮತ್ತು ಅಯನಾಬ 1977ರಲ್ಲಿ ಪ್ರಕಟಿಸಿದಂತೆ, ನೈಜೀರಿಯದ ಬಿಸಿಯಲ್ಲಿ ಅದೇ ಕ್ರಿಯೆ ನಾಲ್ಕು ಪಟ್ಟು ವೇಗವಾಗಿತ್ತು. ಒಮ್ಮೆ ಹೂತು ಕೈತೊಳೆದುಕೊಳ್ಳುವ ಕೆಲಸ ಇದಲ್ಲವೆಂಬುದು ನಮ್ಮ ಬಿಸಿಲುನಾಡಿಗೂ ಸಲ್ಲುವ ಮಾತು. ಇತ್ತೀಚಿನ ಸಂಶೋಧನೆಯು ಇನ್ನೂ ಸೂಕ್ಷ್ಮವಾದದ್ದು: ಬಹುಕಾಲ ನಿಲ್ಲುವುದು ಕೊಳೆಯದ ಕಡ್ಡಿಯಲ್ಲ, ಅದನ್ನು ತಿಂದು ಸತ್ತ ಸೂಕ್ಷ್ಮಜೀವಿಗಳ ಅವಶೇಷವು ಜೇಡಿಕಣಕ್ಕೆ ಅಂಟಿಕೊಂಡು ಉಳಿಯುವುದೇ ಹೆಚ್ಚು. ಜೇಡಿ ತುಂಬಿದ ಎರೆಭೂಮಿಗೆ ಈ ಹಿಡಿದಿಡುವ ಶಕ್ತಿ ಧಾರಾಳವಾಗಿದೆ. ಸಾಲದಿರುವುದು ನಾವು ಕೊಡುವ ಉಳಿಕೆ.

ಆದರೆ ಕಣಿಕೆಯನ್ನು ಹೊಲಕ್ಕೆ ಬಿಡಿರೆಂದು ರೈತನಿಗೆ ಉಪದೇಶಿಸುವುದು ಅವಿವೇಕವೇ ಸರಿ. ಬರಗಾಲದಲ್ಲಿ ಎತ್ತುಗಳನ್ನು ಉಳಿಸುವುದು ಆ ಬಣವಿಯೇ. ಹಿಂದೆ ಅದು ದನದ ಹೊಟ್ಟೆಯ ಮಾರ್ಗವಾಗಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಬರುತ್ತಿತ್ತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದ ಮನೆಗಳಲ್ಲಿ ಆ ದಾರಿ ಮುಚ್ಚಿತು. ಮೇವಾಗದ ತೊಗರಿಕಟ್ಟಿಗೆ ಒಲೆಗೆ ಹೋಗುತ್ತದೆ.

ಕೃಷ್ಣೆಯ ನೀರು ಬಂದ ಬಬಲೇಶ್ವರ, ತಿಕೋಟಾ ಕಡೆಯ ಕಬ್ಬಿನ ಹೊಲಕ್ಕೆ ಮಾತ್ರ ಈ ನೆಪಗಳಾವುವೂ ಇಲ್ಲ. ಕಬ್ಬು ಕಡಿದ ಬಳಿಕ ಬೀಳುವ ರವದಿಗೆ ಬೆಂಕಿಯಿಟ್ಟರೆ ಇಂಗಾಲವೂ ಸಾರಜನಕವೂ ಹೊಗೆಯಾಗಿ, ಹಿಡಿ ಬೂದಿ ಉಳಿಯುತ್ತದೆ. ಸುಡದೆ ರವದಿಯನ್ನು ಸಾಲುಗಳ ನಡುವೆ ಹರಡಿ, ತುಸು ಯೂರಿಯಾವನ್ನೋ ಸಗಣಿ ರಾಡಿಯನ್ನೋ ಚೆಲ್ಲಿ, ನೀರು ಹಾಯಿಸಿದರೆ ಕೂಳೆಬೆಳೆ ಬೆಳೆಯುತ್ತಿರುವಾಗಲೇ ಅದು ಕೊಳೆಯುತ್ತದೆ. ಕಬ್ಬು ಬೆಳೆಯುವ ರೈತಬಾಂಧವರು ಈ ಸಲದ ಕಟಾವಿನ ನಂತರ ಕಡ್ಡಿ ಗೀರದೆ ನೋಡಲಿ.