ಮನೆಯಂಗಳದ ನಾಡಸಸ್ಯಗಳು: ಕರ್ನಾಟಕ

ಒಂದು ಪ್ರದೇಶದಲ್ಲಿ ಯಾರೂ ತಂದು ನೆಡದೆ ತಾವಾಗಿ ಬೆಳೆದುಬಂದ ಮರ, ಪೊದೆ, ಬಳ್ಳಿ, ಹುಲ್ಲುಗಳಿಂದ ಮನೆಯ ಸುತ್ತಲಿನ ಜಾಗವನ್ನು ರೂಪಿಸುವ ಪದ್ಧತಿ. ಇದನ್ನು ಒಂದು ನಿಲುವಾಗಿ ಕೈಗೆತ್ತಿಕೊಂಡದ್ದು ಕರ್ನಾಟಕದಲ್ಲಿ ಈಚೆಗೆ. ಆದರೆ ಅಂಥ ಗಿಡಗಳು ಹಿತ್ತಲಿನಿಂದ ಎಂದೂ ಮರೆಯಾಗಿರಲಿಲ್ಲ; ಮನೆಯ ಮುಂಭಾಗ ಮಾತ್ರ ಪರದೇಶದ ಗಿಡಗಳ ಪಾಲಾಗಿತ್ತು.

ಗಿಡಮರಗಳ ಆರೈಕೆಯ ತಿಳಿವಳಿಕೆ ಕನ್ನಡದಲ್ಲಿ ಬರಹಕ್ಕಿಳಿದದ್ದು ಬಹಳ ಹಿಂದೆ. ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ವೃಕ್ಷಾಯುರ್ವೇದವನ್ನು ಒಳಗೊಂಡಿದೆ. ಹಿತ್ತಲಿಗೆ ಮಾತ್ರ ಯಾರೂ ನಕ್ಷೆ ಬರೆಯಲಿಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಕೆಸು ಮತ್ತು ಬಾಳೆ, ಅದರಾಚೆ ತೇವ ಆರದ ನೆಲದಲ್ಲಿ ಒಂದೆಲಗ. ಕೆಸು ಪತ್ರೊಡೆಗೆ, ಒಂದೆಲಗ ತಂಬುಳಿಗೆ. ಬೇಲಿಗೆ ದನ, ಆಡು ಬಾಯಿ ಹಾಕದ ಆಡುಸೋಗೆ, ಲಕ್ಕಿ. ಅಂಗಳದ ನಡುವೆ ತುಳಸಿಕಟ್ಟೆ; ಉತ್ಥಾನ ದ್ವಾದಶಿಗೆ ಅದರ ಪಕ್ಕ ನಿಲ್ಲಿಸಲು ನೆಲ್ಲಿಯ ಕೊಂಬೆ. ಮುಡಿಯಲು ಕನಕಾಂಬರ, ಸಂಪಿಗೆ. ಪಶ್ಚಿಮಘಟ್ಟದ ಮರವಾದ ಸುರಗಿಯ ಹೂವನ್ನು ಒಣಗಿದ ಮೇಲೂ ಎಸೆಯುವುದಿಲ್ಲ. ಘಮ ಹೋಗದ ಕಾರಣ ಮಾಲೆಯನ್ನು ಬಟ್ಟೆಗಳ ನಡುವೆ ಇಡುವುದುಂಟು.

ಹಿತ್ತಲನ್ನು ಶುದ್ಧ ದೇಶಿ ತೋಟವೆಂದು ಕೊಂಡಾಡುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಮೆಣಸಿನಕಾಯಿ, ಪಪ್ಪಾಯಿ, ಸೀಬೆ, ಚೆಂಡುಹೂ ಎಲ್ಲವೂ ಅಮೆರಿಕ ಖಂಡಗಳ ಮೂಲದವು. ಪೋರ್ಚುಗೀಸರ ಕಾಲದಿಂದೀಚೆಗೆ ಬಂದು ಇಲ್ಲಿಯವೇ ಆದವು. ಮನೆಯವರು ಗಿಡದ ಊರು ಕೇಳಲಿಲ್ಲ, ಉಪಯೋಗ ಕೇಳಿದರು.

ಅಂಗಳದ ರೂಪ ಬದಲಾದದ್ದಕ್ಕೆ ಬೆಂಗಳೂರಿನ ಚರಿತ್ರೆ ಒಳ್ಳೆಯ ಸಾಕ್ಷಿ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ದಂಡಿನ ಬಂಗಲೆಗಳಲ್ಲಿ ವಿಶಾಲ ಕಾಂಪೌಂಡು, ಹುಲ್ಲುಹಾಸು, ಕುಂಡದ ಸಾಲುಗಳು ರೂಢಿಯಾದವು. ಕ್ರೋಟನ್, ಬೋಗನ್‌ವಿಲ್ಲಾಗಳು ಮುಂಭಾಗದ ಅಂದವೆನಿಸಿದವು. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿ ಹೂವಾಗಿರುವಂತೆ ಮರಗಳನ್ನು ಆರಿಸಿದರು. ಆ ಆಯ್ಕೆಯಲ್ಲಿ ನಾಡಮರಗಳೂ ಇದ್ದವು. ಆದರೆ ಜನರ ಕಣ್ಣಿನಲ್ಲಿ ನಿಂತದ್ದು ಗುಲ್‌ಮೊಹರ್, ಜಕರಂಡ, ಟಬೂಬಿಯಾಗಳಂಥ ಹೊರಗಿನವು. ಫಲಪುಷ್ಪ ಪ್ರದರ್ಶನ ಮತ್ತು ಮನೆತೋಟದ ಸ್ಪರ್ಧೆಗಳು ಈ ರುಚಿಯನ್ನು ಮಧ್ಯಮವರ್ಗದ ಮನೆಗಳಿಗೂ ದಾಟಿಸಿದವು.

ಅಲಂಕಾರದ ಗಿಡವೊಂದು ಬೇಲಿ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಲಂಟಾನಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಹೂವಿನ ಚೆಂದಕ್ಕಾಗಿ 19ನೆಯ ಶತಮಾನದಲ್ಲಿ ಭಾರತಕ್ಕೆ ತಂದ ಈ ಅಮೆರಿಕದ ಪೊದೆ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನ ನೆಲವನ್ನೇ ಆವರಿಸಿದೆ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಅದರ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಹೆಣೆಯಲು ಕಲಿತರು. ಅದರಿಂದ ಕೂಲಿ ಹುಟ್ಟಿತು, ಲಂಟಾನ ಕಡಿಮೆಯಾಗಲಿಲ್ಲ.

ನಾಡಸಸ್ಯಗಳತ್ತ ಮತ್ತೆ ಗಮನ ಹರಿದದ್ದು ಮೊದಲು ಮದ್ದಿನ ನೆಪದಲ್ಲಿ. 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಹಳ್ಳಿಮನೆಗಳಲ್ಲಿ ಮದ್ದಿನ ಗಿಡಗಳ ಕೈತೋಟವನ್ನು ಪ್ರೋತ್ಸಾಹಿಸಿತು. ಶಿರಸಿಯ ‘ವನಸ್ತ್ರೀ’ ಬಳಗದ ಹೆಂಗಸರು ಹಿತ್ತಲ ತರಕಾರಿ, ಹೂವಿನ ಬೀಜಗಳನ್ನು ಕಾಪಾಡಿ ಹಂಚಿಕೊಂಡರು.

ಪರಿಸರದ ವಾದ ಬಂದದ್ದು ಆಮೇಲೆ. ಅಮೆರಿಕದಲ್ಲಿ ಡಗ್ಲಸ್ ಟ್ಯಾಲಮಿ 2007ರ ತಮ್ಮ ಪುಸ್ತಕದಲ್ಲಿ, ಎಲೆ ತಿನ್ನುವ ಹುಳುಗಳಿಲ್ಲದ ತೋಟ ಹಕ್ಕಿಮರಿಗಳಿಗೆ ಆಹಾರವಿಲ್ಲದ ತೋಟ ಎಂದು ವಾದಿಸಿದರು. ಇಲ್ಲಿ ಅದೇ ಮಾತು ಚಿಟ್ಟೆಯ ಮೂಲಕ ಮನೆಗಳನ್ನು ಮುಟ್ಟಿತು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುವಿಗೆ ಈಶ್ವರಿ ಬಳ್ಳಿಯ ಜಾತಿಯ ಎಲೆಯೇ ಬೇಕು. ಪ್ಲೇನ್ ಟೈಗರ್ ಎಕ್ಕದ ಮೇಲೆ ಮೊಟ್ಟೆಯಿಡುತ್ತದೆ, ಕಾಮನ್ ಮಾರ್ಮನ್ ಕರಿಬೇವಿನ ಮೇಲೆ. ಈ ಎರಡನೆಯದರ ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಂದು–ಬಿಳಿ. ಬಲಿತಾಗ ಎಲೆಯ ಹಸಿರು. ಒಗ್ಗರಣೆಗೆ ಎಲೆ ಕೀಳಲು ಹೋದವರು ಅದನ್ನು ಗಿಡದ ರೋಗವೆಂದು ತಿಳಿದು ಔಷಧಿ ಹೊಡೆಯುವುದು ಈಗಲೂ ಇದೆ.

ಇಂದಿನ ಅಡ್ಡಿ ಜಾಗದ್ದು. 30×40 ಅಡಿಯ ಸೈಟಿನಲ್ಲಿ ಮನೆ ಕಟ್ಟಿ ಕಾರು ನಿಲ್ಲಿಸಿದರೆ ಹೊಂಗೆ, ಅತ್ತಿಗೆ ನೆಲ ಉಳಿಯುವುದಿಲ್ಲ. ಕೇಪಳ, ನಂದಿಬಟ್ಟಲು, ಕರಿಬೇವಿಗೆ ಮೂಲೆ ಸಿಕ್ಕೀತು. ಅಪಾರ್ಟ್‌ಮೆಂಟುಗಳಲ್ಲಿ ಗಿಡ ಆರಿಸುವವರು ಗುತ್ತಿಗೆದಾರರು. ಅವರಿಗೆ ಬೇಕಾದದ್ದು ಬೇಗ ಬೆಳೆದು ಕತ್ತರಿಗೆ ಒಗ್ಗುವ ಬೇಲಿಗಿಡ. ನರ್ಸರಿಗಳೂ ಅವನ್ನೇ ಹೆಚ್ಚು ಬೆಳೆಸುತ್ತವೆ. ನಾಡಮರದ ಸಸಿ ಬೇಕಾದವರು ಮಳೆಗಾಲಕ್ಕೆ ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸುತ್ತಾರೆ. ಸುರಗಿಯಂಥದನ್ನು ಈಗಲೂ ಬೀಜ ಹೆಕ್ಕಿಯೋ ನೆಂಟರ ಮನೆಯಿಂದ ಸಸಿ ತಂದೋ ಬೆಳೆಸುವುದೇ ಹೆಚ್ಚು.