ಎಕ್ಸ್‌ಟಸಿ
ರೇವ್ ಕೂಟಗಳ ಮಾದಕವೆಂದು ಹೆಸರಾದ ಎಂಡಿಎಂಎ ಮಾತ್ರೆ. ಹಸಿವು ಕುಗ್ಗಿಸಲೆಂದು ಇದನ್ನು ಕಂಡುಹಿಡಿದರೆಂಬುದು ಕಟ್ಟುಕಥೆ. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿ ರಕ್ತಸ್ರಾವ ತಡೆಯುವ ಔಷಧಿಯ ಹುಡುಕಾಟದಲ್ಲಿ ನಡುಹಂತದ ವಸ್ತುವಾಗಿ ತಯಾರಿಸಿತ್ತು. ಅಮೆರಿಕ 1985ರಲ್ಲಿ ನಿಷೇಧಿಸಿತು; ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಅದರ ಸುಗ್ಗಿ ಶುರುವಾದದ್ದು ಆಮೇಲೆ. ಮಿದುಳಿನಲ್ಲಿ ತೂತು ಕೊರೆಯುತ್ತದೆಂಬ ಮಾತೂ ಸುಳ್ಳು. ನರಹಾನಿಯ ಭೀತಿ ಹಬ್ಬಿಸಿದ 2002ರ ಪ್ರಯೋಗವೊಂದರ ವರದಿಯನ್ನು ಮರುವರ್ಷವೇ ಹಿಂತೆಗೆದುಕೊಳ್ಳಬೇಕಾಯಿತು: ಸೀಸೆಯ ಚೀಟಿ ಅದಲುಬದಲಾಗಿ ಮಂಗಗಳಿಗೆ ಕೊಟ್ಟದ್ದು ಮೆಥಾಂಫೆಟಮೈನ್ ಎಂಬ ಬೇರೆಯೇ ಮಾದಕ! ಹಾಗೆಂದು ಇದು ನಿರಪಾಯಕಾರಿಯಲ್ಲ. ದೇಹತಾಪ ಮಿತಿಮೀರುವುದೂ, ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಕುಸಿಯುವುದೂ ಜೀವ ತೆಗೆದಿವೆ. ಈಚಿನ ಯುರೋಪಿನ ಮಾತ್ರೆಗಳು 1990ರ ದಶಕದವಕ್ಕಿಂತ ಪ್ರಬಲ. ‘ಮಾಲಿ’ ಹೆಸರಿನಲ್ಲಿ ಮಾರುವ ಪುಡಿ ಶುದ್ಧ ಎಂಡಿಎಂಎ ಎಂಬ ನಂಬಿಕೆಗೂ ಆಧಾರವಿಲ್ಲ. ಹಲವೊಮ್ಮೆ ಅದರಲ್ಲಿರುವುದು ಕ್ಯಾಥಿನೋನ್ ವರ್ಗದ ಬೇರೆಯೇ ರಾಸಾಯನಿಕ.