ಪದ ಪರಿಚಯ: ಕೀಲು

ಕೀಲು

ಚಿಂತಾಮಣಿ, ಶಿಡ್ಲಘಟ್ಟದ ಮರಗೆಲಸದ ಅಂಗಡಿಗಳಲ್ಲಿ ಈಗ ‘ಜಾಯಿಂಟ್’ ಎಂಬ ಮಾತೇ ಹೆಚ್ಚು. ‘ಕೀಲು’ ಎಂದರೆ ಮೊಣಕಾಲು ನೋವಿನ ವೈದ್ಯರ ಬೋರ್ಡು ನೆನಪಾಗುತ್ತದೆ. ಆದರೆ ಪದದ ಬೇರು ಗೂಟದಲ್ಲಿದೆ.

ಸಂಸ್ಕೃತದ ‘ಕೀಲ’ ಎಂದರೆ ಗೂಟ, ಮೊಳೆ, ಬೆಣೆ. ಹಿಂದಿಯ ‘ಕೀಲ್’ ಇಂದಿಗೂ ಮೊಳೆಯೇ. ಮರಾಠಿಯಲ್ಲಿ ಅದು ‘ಖೀಳ್’. ನಮ್ಮಲ್ಲಿ ಅರ್ಥ ಮುಂದೆ ಸಾಗಿತು: ಎರಡನ್ನು ಹಿಡಿದಿಡುವ ಗೂಟದ ಹೆಸರು ಅವು ಕೂಡುವ ಜಾಗಕ್ಕೂ ಬಂತು. ತೆಲುಗಿನ ‘ಕೀಲು’, ತಮಿಳಿನ ‘ಕೀಲ್’ ಪದಗಳಿಗೂ ಸಂದು ಎಂಬ ಅರ್ಥವಿದೆ. ಗೌರಿಬಿದನೂರಿನ ಕಡೆ ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವವರು ಈ ಪದವನ್ನು ಬದಲಿಸಬೇಕಿಲ್ಲ. ನಮ್ಮ ಕೀಲುಬೊಂಬೆ ತೆಲುಗಿನಲ್ಲಿ ‘ಕೀಲುಬೊಮ್ಮ’.

ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಎರಡೂ ಅರ್ಥ ಒಟ್ಟಿಗೆ ಕಾಣುತ್ತವೆ. ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊಯ್ದು, ಇನ್ನೊಂದರಲ್ಲಿ ಉಳಿಯಿಂದ ಕಂಡಿ ತೋಡುತ್ತಾರೆ. ಗರಗಸ ಗೆರೆಯ ಹೊರಗೇ ಓಡಬೇಕು. ಗೆರೆ ತಿಂದರೆ ಕೂಡಿಕೆ ಸಡಿಲ. ಅಂಟು ಹಚ್ಚುವ ಮುನ್ನ ಒಮ್ಮೆ ಕೂಡಿಸಿ ನೋಡಿ, ಹಚ್ಚಿದ ಮೇಲೆ ಕ್ಲಾಂಪಿನಿಂದ ಬಿಗಿದು, ಕರ್ಣಗಳೆರಡೂ ಸಮವಿವೆಯೇ ಎಂದು ಅಳೆಯುತ್ತಾರೆ. ಕೊನೆಗೆ ಅಡ್ಡಲಾಗಿ ಬಡಿಯುವ ಮರದ ಗೂಟವೇ ಮೂಲ ಕೀಲು.

‘ಕೀಲಿ’ ಇದೇ ಬಳಗದ್ದಾದರೂ ಅದು ಬೀಗ, ಕೀಲಿಕೈ, ಕೀಲಿಮಣೆಗಳ ಮಾತು. ಮೂಳೆಯ ಸಂದಿನ ನೋವಿಗೆ ‘ಕೀಲಿ ನೋವು’ ಎನ್ನುವುದು ತಪ್ಪು. ಮೈಗೂ ಮರಕ್ಕೂ ‘ಕೀಲು’ ಇರುವಾಗ ಅದನ್ನೇ ಬಳಸೋಣ.